ತೂಕ ಇಳಿದ ಮೇಲೆ ಹಸಿವು ಯಾಕೆ ಜೋರಾಗುತ್ತೆ? ಗ್ರೆಲಿನ್, ಲೆಪ್ಟಿನ್ ಬಗ್ಗೆ ಗೊತ್ತಿರುವವರು ಹೇಳಿ

ಅಳತೆಪಟ್ಟಿ:

ಊಟದ ಚಾರ್ಟ್ ಹಾಕಿಕೊಡುವವರು, ಶರೀರಶಾಸ್ತ್ರ ಬಲ್ಲವರು ಉತ್ತರಿಸಿದರೆ ಉಪಕಾರ.

ಒಬ್ಬರು ನಾಲ್ಕು ತಿಂಗಳಲ್ಲಿ 78 ಕೆಜಿಯಿಂದ 71ಕ್ಕೆ ಇಳಿದಿದ್ದಾರೆ ಅಂದುಕೊಳ್ಳಿ. ತೂಕ ನಿಲ್ಲೋಕೆ ದಿನಕ್ಕೆ 2100 ಕಿಲೋಕ್ಯಾಲೊರಿ ಬೇಕಿದ್ದ ದೇಹ ಅದು, ತಿಂದದ್ದು 1600. ಮೊದಲ ಆರು ವಾರ ಹಸಿವಿನ ಕಾಟ ಅಷ್ಟಾಗಿ ಇಲ್ಲ. ಆಮೇಲೆ ಅದೇ ಊಟಕ್ಕೆ ಹೊಟ್ಟೆ ತುಂಬುವುದಿಲ್ಲ, ರಾತ್ರಿ ಎಂಟಾದರೆ ಸಿಹಿ, ಕರಿದದ್ದು ಬೇಕೇ ಬೇಕು ಅನ್ನಿಸುತ್ತೆ. ಈ ತರಹದ ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ಕೇಳುತ್ತಿದ್ದೇನೆ.

ಇದಕ್ಕೆ ಹಸಿವು ಹುಟ್ಟಿಸುವ ಹಾರ್ಮೋನು ಗ್ರೆಲಿನ್ ಒಂದೇ ಕಾರಣವಾ? ಚಪಲ ರಾತ್ರಿಯೇ ಯಾಕೆ, ಸಿಹಿಯೇ ಯಾಕೆ? ಚಾರ್ಟಿನಲ್ಲಿ ಏನನ್ನು ಎಷ್ಟು ಗ್ರಾಂ ಬದಲಾಯಿಸಬೇಕು? ಗ್ರೆಲಿನ್ ಪರೀಕ್ಷೆ, "ಹಸಿವಿನ ಹಾರ್ಮೋನು ತಗ್ಗಿಸುವ" ಕ್ಯಾಪ್ಸೂಲು, ಇವುಗಳಿಂದ ಉಪಯೋಗ ಇದೆಯಾ?

"ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅನ್ನುವ ಉತ್ತರ ಮಾತ್ರ ಬೇಡ.

ಹಾರ್ಮೋನ್_ಮೇಷ್ಟ್ರು:

ಎಲ್ಲರ ಕಣ್ಣೂ ಗ್ರೆಲಿನ್ ಮೇಲೆಯೇ. ಆದರೆ ನೀವು ಹೇಳಿದ ಆರನೇ ವಾರದ ನಂತರದ ಬದಲಾವಣೆಯಲ್ಲಿ ದೊಡ್ಡ ಪಾಲು ಲೆಪ್ಟಿನ್‌ನದು. ಅದನ್ನೇ ಮೊದಲು ನೋಡೋಣ.

ಲೆಪ್ಟಿನ್ 1994ರಲ್ಲಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸುತ್ತವೆ. ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನು ಇದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಣಜದಲ್ಲಿ ಎಷ್ಟು ದಾಸ್ತಾನಿದೆ ಎಂದು ಮೆದುಳಿಗೆ ವರದಿ ಕೊಡುವುದು ಇದರ ಕೆಲಸ. ವರದಿ ಹೋಗುವ ಜಾಗ ಮೆದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಹೈಪೊಥಲಮಸ್‌ನ ಆರ್ಕ್ಯುಯೇಟ್ ಭಾಗ. ಅಲ್ಲಿ ಎರಡು ಬಗೆಯ ನರಕೋಶಗಳಿವೆ: ತಿನ್ನು ಎಂದು ದೂಡುವ ಎಜಿಆರ್‌ಪಿ ಕೋಶಗಳು, ಸಾಕು ಎನ್ನುವ ಪೊಮ್‌ಸಿ ಕೋಶಗಳು. ಲೆಪ್ಟಿನ್ ಇಳಿದರೆ ಮೊದಲನೆಯವು ಜೋರಾಗುತ್ತವೆ, ಎರಡನೆಯವು ತಣ್ಣಗಾಗುತ್ತವೆ.

ಊಟ ತೀರಾ ಕಡಿಮೆಯಾದಾಗ ಲೆಪ್ಟಿನ್ ಕೊಬ್ಬಿಗಿಂತ ಬೇಗ ಕುಸಿಯುತ್ತದೆ. ಪೂರ್ತಿ ಉಪವಾಸವಿದ್ದರೆ ಒಂದರಿಂದ ಮೂರು ದಿನದಲ್ಲೇ, ಕೊಬ್ಬು ಇನ್ನೂ ಹೆಚ್ಚೇನೂ ಕರಗದಿರುವಾಗಲೇ, ಅದು ಬಹಳ ಕೆಳಗಿರುತ್ತದೆ. ಹಾಗಾಗಿ ದಿನಕ್ಕೆ 1000 ಕಿಲೋಕ್ಯಾಲೊರಿ ಕಡಿತ ಮಾಡಿದವರನ್ನು ಹಸಿವು ಬೇಗ ಹಿಡಿಯುತ್ತದೆ, 500 ಕಡಿತ ಮಾಡಿದವರಿಗೆ ಕೆಲವು ವಾರ ಬಿಡುವು ಸಿಗುತ್ತದೆ.

ಹಾಗಿದ್ದರೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರೆ ಆಗುವುದಿಲ್ಲವೇ? ದಪ್ಪಗಿರುವವರಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿರುತ್ತದೆ, ಮೆದುಳು ಅದಕ್ಕೆ ಓಗೊಡುವುದು ಕಡಿಮೆಯಾಗಿರುತ್ತದೆ. ಅವರಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ತೂಕ ಹೆಚ್ಚೇನೂ ಇಳಿಯಲಿಲ್ಲ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅಪರೂಪದ ಮಕ್ಕಳಲ್ಲಿ ಮಾತ್ರ ಅದೇ ಚುಚ್ಚುಮದ್ದು ಅದ್ಭುತವಾಗಿ ಕೆಲಸ ಮಾಡಿತು. ಲೆಪ್ಟಿನ್ ಕಡಿಮೆಯಾದಾಗ ಬೊಬ್ಬೆ ಹಾಕುವ ವ್ಯವಸ್ಥೆ, ಹೆಚ್ಚಾದಾಗ ಅಷ್ಟು ಗಟ್ಟಿಯಾಗಿ ತಡೆಯುವುದಿಲ್ಲ. ಈ ಏಕಪಕ್ಷೀಯತೆ ಅರ್ಥವಾದರೆ ಉಳಿದ ಅರ್ಧ ತಾನಾಗಿ ಅರ್ಥವಾಗುತ್ತದೆ.

ಈಗ ಗ್ರೆಲಿನ್. 1999ರಲ್ಲಿ ಜಪಾನಿನ ಮಸಯಾಸು ಕೊಜಿಮ ಮತ್ತು ಕೆಂಜಿ ಕಂಗವ ಕಂಡುಹಿಡಿದರು. 28 ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಬಹುಪಾಲು ಜಠರದ ಮೇಲ್ಭಾಗದಲ್ಲಿ ತಯಾರಾಗುತ್ತದೆ. ಊಟದ ಹೊತ್ತಿಗೆ ಮುಂಚೆ ಏರಿ, ಉಂಡ ಮೇಲೆ ಇಳಿಯುತ್ತದೆ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ದಪ್ಪಗಿರುವವರಲ್ಲಿ ಗ್ರೆಲಿನ್ ಸಾಮಾನ್ಯವಾಗಿ ತೆಳ್ಳಗಿರುವವರಿಗಿಂತ ಕಡಿಮೆ. ಅಂದರೆ ಗ್ರೆಲಿನ್ ಜಾಸ್ತಿಯಾಗಿ ದಪ್ಪಗಾದರು ಎನ್ನುವುದು ಹೆಚ್ಚಿನವರ ವಿಷಯದಲ್ಲಿ ತಪ್ಪು. ತೂಕ ಇಳಿಸಿದಾಗ ಅದು ಏರುತ್ತದೆ, ಹಳೆಯ ತೂಕಕ್ಕೆ ಎಳೆಯುವ ಹಗ್ಗಗಳಲ್ಲಿ ಅದೂ ಒಂದು.

ಎಷ್ಟು ಕಾಲ ಎಳೆಯುತ್ತದೆ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಜನರಿಗೆ 10 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷ ಕಳೆದ ಮೇಲೆ ನೋಡಿದರೂ ಗ್ರೆಲಿನ್ ಮೊದಲಿಗಿಂತ ಮೇಲೆ, ಲೆಪ್ಟಿನ್ ಮೊದಲಿಗಿಂತ ಕೆಳಗೆ, ಹಸಿವೂ ಹೆಚ್ಚೇ ಇತ್ತು. ಆದ್ದರಿಂದ "ಎರಡು ವಾರ ತಡೆದುಕೊಳ್ಳಿ, ದೇಹ ಒಗ್ಗಿಕೊಳ್ಳುತ್ತದೆ" ಎಂದು ಯಾರಿಗೂ ಹೇಳಬೇಡಿ. ಅದು ನಿಜವಲ್ಲ, ಒಗ್ಗದಿದ್ದಾಗ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ನಿಮ್ಮ ಉದಾಹರಣೆಗೇ ಲೆಕ್ಕ ಹಾಕೋಣ. ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುವ ಮಧುಮೇಹದ ಮಾತ್ರೆಯೊಂದರ ವರ್ಷಾವಧಿ ಪ್ರಯೋಗದ ಅಂಕಿಗಳಿಂದ ಕೆವಿನ್ ಹಾಲ್ ಅವರ ತಂಡ 2016ರಲ್ಲಿ ಒಂದು ಅಂದಾಜು ಮಾಡಿತು. ಕ್ಯಾಲೊರಿ ಸೋರಿಹೋಗುತ್ತಿರುವುದು ಮಾತ್ರೆ ತೆಗೆದುಕೊಂಡವರ ಅರಿವಿಗೇ ಬರುವಂತಿರಲಿಲ್ಲ, ಡಯಟ್ ಮಾಡುವ ಪ್ರಯತ್ನವೂ ಇರಲಿಲ್ಲ. ಆದರೂ ಇಳಿದ ಪ್ರತಿ ಕೆಜಿಗೆ ಅವರ ಹಸಿವು ದಿನಕ್ಕೆ ಸುಮಾರು 100 ಕಿಲೋಕ್ಯಾಲೊರಿಯಷ್ಟು ಏರಿತ್ತು. ದೇಹದ ಖರ್ಚು ಇಳಿಯುವುದು ಪ್ರತಿ ಕೆಜಿಗೆ 20ರಿಂದ 30 ಮಾತ್ರ. 7 ಕೆಜಿಗೆ ಗುಣಿಸಿ: ಖರ್ಚು ಸುಮಾರು 175 ಇಳಿದು 1925ಕ್ಕೆ ಬಂದಿರುತ್ತದೆ, ಹಸಿವು ಮಾತ್ರ 2800 ಕೇಳುತ್ತಿರುತ್ತದೆ. ಇದು ಸರಾಸರಿ, ಒಬ್ಬೊಬ್ಬರಿಗೆ ಒಂದೊಂದು ತರಹ. ಆದರೆ ತೂಕ ನಿಂತುಬಿಟ್ಟಾಗ "ಮೆಟಬಾಲಿಸಂ ಕೆಟ್ಟಿದೆ" ಎನ್ನುವುದಕ್ಕಿಂತ ಹಸಿವಿನ ಪಾಲು ಎಷ್ಟು ದೊಡ್ಡದು ಎನ್ನುವುದು ಇದರಲ್ಲಿ ಕಾಣುತ್ತದೆ.

ಎರಡನೇ_ಪಾಳಿ:

ಮೇಷ್ಟ್ರು ರಾತ್ರಿಯ ಪ್ರಶ್ನೆ ಬಿಟ್ಟಿದ್ದಾರೆ, ನಾನು ಹಿಡಿಯುತ್ತೇನೆ.

ಹಸಿವಿಗೆ ಅದರದೇ ಗಡಿಯಾರ ಇದೆ. ಊಟ, ನಿದ್ದೆ, ಬೆಳಕು ಎಲ್ಲವನ್ನೂ ನಿಯಂತ್ರಿಸಿ ಮಾಡಿದ 2013ರ ಒಂದು ಅಧ್ಯಯನದಲ್ಲಿ ದೇಹದ ಒಳಗಡಿಯಾರದ ಪ್ರಕಾರ ಹಸಿವು ಅತಿ ಕಡಿಮೆ ಇದ್ದದ್ದು ಬೆಳಗ್ಗೆ 8ರ ಹೊತ್ತಿಗೆ, ಅತಿ ಹೆಚ್ಚು ಇದ್ದದ್ದು ರಾತ್ರಿ 8ರ ಹೊತ್ತಿಗೆ. ಸಿಹಿ, ಉಪ್ಪು, ಪಿಷ್ಟದ ಪದಾರ್ಥಗಳ ಆಸೆಯೂ ಅದೇ ಜಾಡಿನಲ್ಲಿ ಏರಿತ್ತು. ಹಾಗಾಗಿ ರಾತ್ರಿ ಎಂಟಕ್ಕೆ ಚಪಲ ಅಂದರೆ ಗುಣದೋಷ ಅಲ್ಲ. ಬೆಳಗ್ಗೆ ಹಸಿವಿಲ್ಲ ಅಂತ ಬಿಟ್ಟು, ಮಧ್ಯಾಹ್ನ ಎರಡು ತುತ್ತು ಉಂಡು, ಉಳಿದ ಕ್ಯಾಲೊರಿಯನ್ನು ರಾತ್ರಿಗೆ ಇಟ್ಟುಕೊಂಡವರು ಸರಿಯಾಗಿ ಆ ಏರಿನ ಎದುರು ಬರಿಹೊಟ್ಟೆಯಲ್ಲಿ ನಿಲ್ಲುತ್ತಾರೆ.

ಸಿಹಿಯೇ ಯಾಕೆ ಅಂದರೆ, ಗ್ರೆಲಿನ್ ಹೈಪೊಥಲಮಸ್‌ಗೆ ಮಾತ್ರ ಹೋಗಿ ನಿಲ್ಲುವುದಿಲ್ಲ. ಆಸೆ ಹುಟ್ಟಿಸುವ ರಾಸಾಯನಿಕ ಡೋಪಮೈನ್ ಹೊರಡುವ ನಡುಮೆದುಳಿನ ಭಾಗದಲ್ಲೂ ಅದರ ಗ್ರಾಹಕಗಳಿವೆ. ಹೊಟ್ಟೆ ಖಾಲಿ ಇದ್ದಾಗ ಸಿಹಿಯ, ಜಿಡ್ಡಿನ ಬೆಲೆ ಮೆದುಳಿನ ತಕ್ಕಡಿಯಲ್ಲಿ ಏರುತ್ತದೆ. ಬೇಯಿಸಿದ ತರಕಾರಿಯ ಬೆಲೆ ಅಷ್ಟಾಗಿ ಏರುವುದಿಲ್ಲ.

ಹೊಟ್ಟೆ ಹಸಿವಾ, ಬಾಯಿ ಹಸಿವಾ ಅಂತ ತಿಳಿಯೋಕೆ ಚಾರ್ಟಿನ ಪಕ್ಕದಲ್ಲಿ ಎರಡು ಕಾಲಂ ಹಾಕಿಸಿ: ಗಂಟೆ, ಮತ್ತು "ಈಗ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಬೇಯಿಸಿದ ಕಾಳು ಕೊಟ್ಟರೆ ತಿನ್ನುತ್ತೀರಾ" ಅನ್ನುವುದಕ್ಕೆ ಹೌದು/ಇಲ್ಲ. ಹೌದು ಅಂತ ಬಂದರೆ ಅದು ಹಸಿವು, ಊಟದಲ್ಲೇ ಕೊರತೆ ಇದೆ, ಊಟ ಸರಿಮಾಡಿ. ಇಲ್ಲ, ಸಿಹಿಯೇ ಬೇಕು ಅಂತ ಬಂದರೆ ಅದು ಚಪಲ. ಸಾಮಾನ್ಯವಾಗಿ 15–20 ನಿಮಿಷದಲ್ಲಿ ಅಲೆ ಇಳಿಯುತ್ತೆ, ಕಣ್ಣಿಗೆ ಕಾಣುವ ಜಾಗದಲ್ಲಿ ಆ ಪದಾರ್ಥ ಇದ್ದರೆ ಮಾತ್ರ ಇಳಿಯಲ್ಲ. ಹತ್ತು ದಿನ ಬರೆದರೆ ಚಿತ್ರ ಸ್ಪಷ್ಟವಾಗುತ್ತೆ.

ನಿದ್ದೆ ಕೇಳಿ. 2004ರ ಪ್ರಸಿದ್ಧ ಪ್ರಯೋಗದಲ್ಲಿ 12 ಜನ ಆರೋಗ್ಯವಂತ ಯುವಕರು ಎರಡು ರಾತ್ರಿ 4 ಗಂಟೆಯಷ್ಟೇ ಹಾಸಿಗೆಯಲ್ಲಿದ್ದಾಗ, 10 ಗಂಟೆ ಇದ್ದ ರಾತ್ರಿಗಳಿಗೆ ಹೋಲಿಸಿದರೆ ಲೆಪ್ಟಿನ್ ಶೇ. 18 ಕಡಿಮೆ, ಗ್ರೆಲಿನ್ ಶೇ. 28 ಹೆಚ್ಚು. ಆಮೇಲಿನ ಅಧ್ಯಯನಗಳಲ್ಲಿ ಹಾರ್ಮೋನಿನ ಅಂಕಿಗಳು ಒಂದೇ ತೆರನಾಗಿ ಬರಲಿಲ್ಲ, ತಿನ್ನುವುದು ಹೆಚ್ಚಾಗುವುದು ಮಾತ್ರ ಬಂದಿದೆ. ನನಗೆ ಹೆಚ್ಚು ಉಪಯುಕ್ತ ಅನ್ನಿಸುವುದು 2022ರದ್ದು: ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಜನರಲ್ಲಿ ಕೆಲವರ ನಿದ್ದೆಯನ್ನು ಸುಮಾರು 1.2 ಗಂಟೆ ಹೆಚ್ಚಿಸಿದರು, ಡಯಟ್ ಏನೂ ಹೇಳಲಿಲ್ಲ. ಉಳಿದವರಿಗೆ ಹೋಲಿಸಿದರೆ ಇವರು ತೆಗೆದುಕೊಂಡದ್ದು ದಿನಕ್ಕೆ ಸುಮಾರು 270 ಕಿಲೋಕ್ಯಾಲೊರಿ ಕಡಿಮೆ. ಚಾರ್ಟಿನಲ್ಲಿ ಮಲಗುವ ಗಂಟೆಯನ್ನೂ ಬರೆಯಿರಿ.

ಸೌಟು_ತಕ್ಕಡಿ:

ಗ್ರಾಂ ಲೆಕ್ಕ ಕೇಳಿದ್ದೀರಿ, ನೇರ ಅದಕ್ಕೇ ಬರ್ತೀನಿ.

ಪ್ರೋಟೀನ್: ತೂಕ ಇಳಿಸುವಾಗ ಪ್ರತಿ ಕೆಜಿ ದೇಹತೂಕಕ್ಕೆ 1.2ರಿಂದ 1.6 ಗ್ರಾಂ. 71 ಕೆಜಿಗೆ 85ರಿಂದ 114. 100 ಅಂತ ಇಟ್ಟುಕೊಳ್ಳಿ, ನಾಲ್ಕು ಹೊತ್ತಿಗೆ 25ರಂತೆ. ಒಂದೇ ಹೊತ್ತಿಗೆ 70 ಸುರಿದರೆ ಉಳಿದ ಹೊತ್ತು ಹಸಿವೇ. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸಲ್ಲ, ಅವರ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. "ಕಾಳಿನಲ್ಲಿ ಪ್ರೋಟೀನ್ ಇದೆ" ಅಂತ ಒಂದು ಸೌಟು ಹಾಕಿಕೊಂಡು 25 ಆಯ್ತು ಅಂದುಕೊಳ್ತಾರೆ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 23 ಗ್ರಾಂ. ಬೆಂದಾಗ ನೀರು ಕುಡಿದು ಅದು ಎರಡೂವರೆ ಪಟ್ಟು ತೂಗುತ್ತೆ. ಹಾಗಾಗಿ ಬೆಂದ 100 ಗ್ರಾಂನಲ್ಲಿ ಇರೋದು 8–9 ಮಾತ್ರ, ತೆಳ್ಳಗೆ ಮಾಡಿದ ಒಂದು ಸೌಟಿನಲ್ಲಿ 4–5. ಮೊಟ್ಟೆ ಒಂದಕ್ಕೆ 6, ಅರ್ಧ ಲೀಟರ್ ಹಾಲಿಗೆ 16–17, ಬೆಂದ ಕೋಳಿ ಮಾಂಸ 100 ಗ್ರಾಂಗೆ ಸುಮಾರು 30. ತೂಕ ಬರೆಯುವಾಗ ಒಣದ್ದಾ ಬೆಂದದ್ದಾ ಅಂತ ಚಾರ್ಟಿನಲ್ಲಿ ಸ್ಪಷ್ಟವಾಗಿ ಬರೆಯಿರಿ. "ಪ್ರೋಟೀನ್ ತಿಂದರೂ ಹಸಿವು" ಅನ್ನೋ ಬಹಳಷ್ಟು ದೂರು ಇಲ್ಲೇ ಬಗೆಹರಿಯುತ್ತೆ.

ನಾರು: ದಿನಕ್ಕೆ 25–30 ಗ್ರಾಂ. 12ರಲ್ಲಿ ಇರೋರನ್ನ ಮಾರನೇ ದಿನವೇ 30ಕ್ಕೆ ಏರಿಸಬೇಡಿ, ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗಿ ಮೂರನೇ ದಿನ ಚಾರ್ಟೇ ಬಿಟ್ಟುಬಿಡ್ತಾರೆ. ವಾರಕ್ಕೆ 5 ಗ್ರಾಂನಂತೆ ಏರಿಸಿ, ಜೊತೆಗೆ ನೀರು.

ವೇಗ: ಕೊಬ್ಬು, ಪ್ರೋಟೀನ್ ಸಣ್ಣ ಕರುಳಿನ ಮೊದಲ ಭಾಗ ಮುಟ್ಟಿದಾಗ ಸಾಕು ಅನ್ನಿಸುವ ಹಾರ್ಮೋನು ಸಿಸಿಕೆ ಹೊರಡುತ್ತೆ, ಅದರ ಪರಿಣಾಮ ಗೊತ್ತಾಗೋಕೆ ಕಾಲು ಗಂಟೆಯಾದರೂ ಬೇಕು. ಇನ್ನೂ ಕೆಳಗಿನ ಕರುಳಿನಿಂದ ಅದೇ ಬಗೆಯ ಹಾರ್ಮೋನುಗಳಾದ ಪಿವೈವೈ, ಜಿಎಲ್‌ಪಿ-1 ಬರುತ್ತವೆ. ಒಂದು ಪ್ರಯೋಗದಲ್ಲಿ ಅದೇ 300 ಮಿಲಿ ಐಸ್‌ಕ್ರೀಮನ್ನು 5 ನಿಮಿಷದಲ್ಲಿ ತಿಂದಾಗಿನದಕ್ಕಿಂತ 30 ನಿಮಿಷದಲ್ಲಿ ತಿಂದಾಗ ಈ ಎರಡೂ ಹೆಚ್ಚು ಬಂದವು. ಏಳು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿದವರು ಎರಡನೇ ಸಲ ಬಡಿಸಿಕೊಳ್ಳುವಾಗ ಮೊದಲ ಊಟದ ಸುದ್ದಿ ಮೆದುಳಿಗೆ ಇನ್ನೂ ತಲುಪಿರಲ್ಲ. ಕಚ್ಚಿ ಅಗಿಯಬೇಕಾದ್ದನ್ನು ತಟ್ಟೆಯಲ್ಲಿ ಇಡಿ, ವೇಗ ತಾನಾಗೇ ಇಳಿಯುತ್ತೆ. ಜ್ಯೂಸು, ಸಿಹಿ ಪಾನೀಯ ತೆಗೆಯಿರಿ. ಕುಡಿದ ಕ್ಯಾಲೊರಿಯನ್ನು ಹೊಟ್ಟೆ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲ್ಲ.

ಆಲೂಗಡ್ಡೆಯನ್ನು ಪೂರ್ತಿ ಓಡಿಸಬೇಡಿ. 1995ರಲ್ಲಿ 38 ಆಹಾರಗಳನ್ನು ಸಮ ಕ್ಯಾಲೊರಿಯಲ್ಲಿ ಕೊಟ್ಟು ಹೊಟ್ಟೆ ಎಷ್ಟು ತುಂಬಿತು ಅಂತ ಅಳೆದರು. ಬಿಳಿ ಬ್ರೆಡ್ 100 ಅಂದರೆ ಬೇಯಿಸಿದ ಆಲೂಗಡ್ಡೆ 323, ಪಟ್ಟಿಯಲ್ಲೇ ಮೊದಲು. ಎಣ್ಣೆಯಲ್ಲಿ ಕರಿದಾಗ ಆ ಗುಣ ಹೋಗುತ್ತೆ.

1600ರ ಹಂಚಿಕೆ ಹೀಗೆ ಮಾಡಿ ನೋಡಿ: ಬೆಳಗ್ಗೆ 350, ಮಧ್ಯಾಹ್ನ 450, ಸಂಜೆ ಐದೂವರೆಗೆ 250, ರಾತ್ರಿ ಏಳೂವರೆಗೆ 450, ಉಳಿದ 100 ಇಷ್ಟದ ಸಿಹಿಗೆ, ಊಟದ ಕೊನೆಗೆ, ಅಳತೆ ಮಾಡಿ. ಸಂಜೆಯ 250ರಲ್ಲಿ 20–25 ಗ್ರಾಂ ಪ್ರೋಟೀನ್ ಇರಲೇಬೇಕು. ಎಂಟರ ಏರಿಗೆ ಒಡ್ಡು ಅದೇ. ಬಹಳ ಜನ ಉಳಿತಾಯ ಅಂತ ಸಂಜೆಯದ್ದನ್ನೇ ಕತ್ತರಿಸಿ, ರಾತ್ರಿ 600 ಹೆಚ್ಚಿಗೆ ತಿಂತಾರೆ.

ಇನ್ನೊಂದು. 2019ರಲ್ಲಿ 20 ಜನರನ್ನು ಒಂದೆಡೆ ಇಟ್ಟು, ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟರು. ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮ. ಎಷ್ಟು ಬೇಕಾದರೂ ತಿನ್ನಿ ಅಂದಾಗ ಅತಿಸಂಸ್ಕರಿತ ವಾರಗಳಲ್ಲಿ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ಹೋಯ್ತು, ತಿಂದ ವೇಗವೂ ಹೆಚ್ಚು. ಕ್ಯಾಲೊರಿ ಸರಿಯಿದ್ದರೆ ಪ್ಯಾಕೆಟ್ಟಿನದ್ದೂ ಒಂದೇ ಅನ್ನೋರಿಗೆ ಇದನ್ನು ಹೇಳಿ.

ಅಳತೆಪಟ್ಟಿ:

ಒಣದ್ದು–ಬೆಂದದ್ದರ ವಿಷಯ ಚೆನ್ನಾಗಿ ಹಿಡಿದಿರಿ, ನನ್ನ ಚಾರ್ಟಿನಲ್ಲೂ ಅದು ಸ್ಪಷ್ಟವಿಲ್ಲ. ಒಂದು ಹೊತ್ತು ಊಟ ಬಿಟ್ಟರೆ ಗ್ರೆಲಿನ್ ಏರುತ್ತಲೇ ಹೋಗುತ್ತಾ? ಪರೀಕ್ಷೆ, ಕ್ಯಾಪ್ಸೂಲಿನ ಬಗ್ಗೆಯೂ ಯಾರಾದರೂ ಹೇಳಿ.

ಹಾರ್ಮೋನ್_ಮೇಷ್ಟ್ರು:

ಏರುತ್ತಲೇ ಹೋಗುವುದಿಲ್ಲ. 24 ಗಂಟೆ ಉಪವಾಸ ಇಟ್ಟು ರಕ್ತ ತೆಗೆದು ನೋಡಿದವರಿಗೆ ಕಂಡದ್ದು: ರೂಢಿಯ ಊಟದ ಹೊತ್ತಿಗೆ ಏರಿ, ಏನೂ ತಿನ್ನದಿದ್ದರೂ ತಾನಾಗಿ ಇಳಿಯಿತು. ಗ್ರೆಲಿನ್ ನಿಮ್ಮ ಊಟದ ವೇಳೆಯನ್ನು ಕಲಿಯುತ್ತದೆ. ದಿನಾ ನಾಲ್ಕು ಗಂಟೆಗೆ ಬಿಸ್ಕತ್ತು ತಿನ್ನುವವರಿಗೆ ನಾಲ್ಕಕ್ಕೆ ಹೊಟ್ಟೆ ಚುರುಗುಟ್ಟುವುದು ಆ ಕಲಿಕೆಯಿಂದ. ವೇಳೆ ಬದಲಿಸಿದರೆ ಮೊದಲ ಕೆಲವು ದಿನ ಕಷ್ಟ, ಆಮೇಲೆ ಅಲೆಯೂ ಜರುಗುತ್ತದೆ. ದಿನಕ್ಕೊಂದು ವೇಳೆಯಲ್ಲಿ ಉಣ್ಣುವವರಿಗೆ ಈ ಅನುಕೂಲ ಸಿಗುವುದಿಲ್ಲ.

ಲ್ಯಾಬ್‌ಕೋಟು:

ಪರೀಕ್ಷೆ ಮಾಡಿಸಬೇಡಿ. ಕಾರಣ ಇಷ್ಟು: ಗ್ರೆಲಿನ್ ಕೆಲಸ ಮಾಡಬೇಕಾದರೆ ಅದಕ್ಕೆ ಆಕ್ಟನಾಯಿಲ್ ಎಂಬ ಕೊಬ್ಬಿನ ಬಾಲ ಅಂಟಿರಬೇಕು. ರಕ್ತ ಕೊಳವೆಗೆ ಬಂದ ಮೇಲೆ ಆ ಬಾಲ ಕಳಚಿಕೊಳ್ಳುತ್ತಾ ಹೋಗುತ್ತೆ. ಅದನ್ನು ತಡೆಯಲು ಕೊಳವೆಯಲ್ಲಿ ಮೊದಲೇ ಪ್ರತಿಬಂಧಕ ಹಾಕಿರಬೇಕು, ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಡಬೇಕು, ತಣ್ಣಗಿರುವಾಗಲೇ ಪ್ಲಾಸ್ಮಾ ಬೇರ್ಪಡಿಸಿ ಆಮ್ಲ ಸೇರಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಅಂಕಿ ಸುಳ್ಳು. ಎಲ್ಲ ಸರಿಯಾಗಿ ಮಾಡಿದರೂ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಆ ಅಂಕಿ ನೋಡಿ ಚಾರ್ಟಿನಲ್ಲಿ ಬದಲಿಸುವಂಥದ್ದೂ ಏನಿಲ್ಲ. ಲೆಪ್ಟಿನ್ ಪರೀಕ್ಷೆಗೆ ಅರ್ಥ ಇರುವುದು ಎಳವೆಯಲ್ಲೇ ತಡೆಯಲಾಗದ ಹಸಿವು, ವಿಪರೀತ ತೂಕ ಇರುವ ಮಕ್ಕಳಲ್ಲಿ ಮತ್ತು ದೇಹದಲ್ಲಿ ಕೊಬ್ಬು ಸರಿಯಾಗಿ ಶೇಖರವಾಗದ ಲಿಪೊಡಿಸ್ಟ್ರೊಫಿಯಂಥ ಅಪರೂಪದ ಕಾಯಿಲೆಗಳಲ್ಲಿ.

ಕ್ಯಾಪ್ಸೂಲು: ಗ್ರೆಲಿನ್ ತಡೆದು ತೂಕ ಇಳಿಸುವ, ಅನುಮೋದನೆ ಪಡೆದ ಔಷಧಿ ಇಲ್ಲ. ಲೆಪ್ಟಿನ್ ಒಂದು ಪ್ರೋಟೀನು, ನುಂಗಿದರೆ ಜೀರ್ಣವಾಗಿ ಹೋಗುತ್ತೆ. ಗ್ರೆಲಿನ್ ಇಲ್ಲದಂತೆ ಮಾಡಿದ ಇಲಿಗಳೇ ಹೆಚ್ಚುಕಡಿಮೆ ಮಾಮೂಲಾಗಿ ತಿಂದುಕೊಂಡು ಮಾಮೂಲು ತೂಕದಲ್ಲಿದ್ದವು. ಒಂದು ದಾರಿ ಮುಚ್ಚಿದರೆ ಹಸಿವು ಇನ್ನೊಂದರಲ್ಲಿ ಬರುತ್ತೆ.

ಕೆಲಸ ಮಾಡುವ ಔಷಧಿಗಳು ಬಂದಿರುವುದು ಜಿಎಲ್‌ಪಿ-1 ದಾರಿಯಲ್ಲಿ. ನಮ್ಮ ದೇಹದ ಜಿಎಲ್‌ಪಿ-1 ರಕ್ತದಲ್ಲಿ ಎರಡು ನಿಮಿಷದಲ್ಲಿ ಅರ್ಧವಾಗುತ್ತೆ, ಅದನ್ನು ಹೋಲುವಂತೆ ಮಾಡಿದ ಔಷಧಿ ಸೆಮಾಗ್ಲುಟೈಡ್ ಅರ್ಧವಾಗಲು ಸುಮಾರು ಒಂದು ವಾರ. 2021ರ ಪ್ರಯೋಗದಲ್ಲಿ ವಾರಕ್ಕೆ 2.4 ಮಿಗ್ರಾಂನಂತೆ 68 ವಾರ ಕೊಟ್ಟಾಗ ತೂಕ ಸರಾಸರಿ ಶೇ. 14.9 ಇಳಿಯಿತು, ಔಷಧಿಯಿಲ್ಲದ ಚುಚ್ಚುಮದ್ದಿನವರಲ್ಲಿ ಶೇ. 2.4. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ವಾಪಸ್. ಮೇಷ್ಟ್ರು ಹೇಳಿದ ಹಗ್ಗ ಇಲ್ಲೂ ಅದೇ. ಇದನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ. ಡೋಸು ನಿಧಾನವಾಗಿ ಏರಿಸದಿದ್ದರೆ ವಾಂತಿ, ಪಿತ್ತಕೋಶದ ಕಲ್ಲಿನ ಅಪಾಯ, ಜೊತೆಗೆ ಪ್ರೋಟೀನ್ ಕಡಿಮೆಯಾದರೆ ಸ್ನಾಯು ಕರಗುತ್ತೆ.

ಚಾರ್ಟ್ ತಿದ್ದುವ ಮೊದಲು ಔಷಧಿಗಳ ಪಟ್ಟಿ ಕೇಳಿ, ಇದು ಬಹಳ ಮುಖ್ಯ. ಒಲಾಂಜಪಿನ್, ಮಿರ್ಟಜಪಿನ್, ವಾಲ್ಪ್ರೊಯೇಟ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇವೆಲ್ಲ ಹಸಿವು ಹೆಚ್ಚಿಸುತ್ತವೆ ಅಥವಾ ತೂಕ ಏರಿಸುತ್ತವೆ. ಅವರಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ತಿಳಿಸಲಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಕ್ಯಾಲೊರಿ ಕಡಿಮೆ ಮಾಡಿದ ಮೇಲೆ ಏಕಾಏಕಿ ಸಿಹಿ ಬೇಕೆನಿಸಿ, ಕೈ ನಡುಗಿ ಬೆವತರೆ ಅದು ಚಪಲವಲ್ಲ, ಸಕ್ಕರೆ ಇಳಿದಿದೆ. ತಕ್ಷಣ ಗ್ಲುಕೋಮೀಟರಿನಲ್ಲಿ ನೋಡಬೇಕು. 70 mg/dLಗಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅಂಥವರಿಗೆ "ತಡೆದುಕೊಳ್ಳಿ" ಅನ್ನುವುದು ಅಪಾಯ.

ಅಳತೆಪಟ್ಟಿ:

ಕೊನೆಯದು. 71ರಲ್ಲೇ ನಿಲ್ಲಿಸಬೇಕು ಅಂತ ತೀರ್ಮಾನಿಸಿದರೆ ಮುಂದಿನ ಚಾರ್ಟ್ ಹೇಗೆ? ನೇರವಾಗಿ 1925ಕ್ಕೆ ಹೋಗಬಹುದಾ?

ಸೌಟು_ತಕ್ಕಡಿ:

ಹೋಗಬಹುದು, ಆದರೆ 1925 ಅನ್ನೋದು ಅಂದಾಜು, ಆ ವ್ಯಕ್ತಿಯ ನಿಜವಾದ ಅಂಕಿ 1800 ಇರಬಹುದು, 2050 ಇರಬಹುದು. ವಾರಕ್ಕೆ 100ರಂತೆ ಏರಿಸಿದರೆ ಅದು ತಾನಾಗಿ ಗೊತ್ತಾಗುತ್ತೆ. ಮೊದಲ ವಾರ 1700, ಎರಡನೇದು 1800, ಹೀಗೆ. ಹೆಚ್ಚಿಸಿದ ಮೊದಲ 100 ಪ್ರೋಟೀನಿಗೆ ಕೊಡಿ, ಆಮೇಲಿನದ್ದು ಸಂಜೆಯ ತಿಂಡಿಗೆ.

ತೂಕ ದಿನಾ ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿನ್ನುವ ಮೊದಲು ನೋಡಲಿ. ಒಂದು ದಿನದ ಅಂಕಿ ನೋಡಿ ಏನೂ ಮಾಡಬಾರದು, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಬೇಕು. ಮೊದಲ ಎರಡು ವಾರದಲ್ಲಿ ಅರ್ಧದಿಂದ ಒಂದು ಕೆಜಿ ಏರಿದರೆ ಹೆದರಿ ಮತ್ತೆ 1600ಕ್ಕೆ ಇಳಿಸಬೇಡಿ. ಸ್ನಾಯು, ಯಕೃತ್ತಿನಲ್ಲಿ ಖಾಲಿಯಾಗಿದ್ದ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳುತ್ತೆ, ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿಯುತ್ತೆ, ಕರುಳಿನಲ್ಲಿರೋ ಆಹಾರದ ತೂಕವೂ ಸೇರುತ್ತೆ. ಮೂರನೇ ವಾರದಿಂದ ಸರಾಸರಿ ಸತತವಾಗಿ ವಾರಕ್ಕೆ 200 ಗ್ರಾಂಗಿಂತ ಹೆಚ್ಚು ಏರಿದರೆ ಮಾತ್ರ ಕೊನೆಯ 100 ತೆಗೆಯಿರಿ.

ಹಸಿವಿನ ಕಾಲಂ ಮಾತ್ರ ಒಂದು ವರ್ಷವಾದರೂ ಚಾರ್ಟಿನಲ್ಲಿ ಇರಲಿ. ರಾತ್ರಿ ಎಂಟರ ಸಾಲಿನಲ್ಲಿ ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ "ಹೌದು" ಬಂದರೆ, ಆ ವಾರದ ಸಂಜೆ ಐದೂವರೆಯ ಸಾಲನ್ನು ಮೊದಲು ನೋಡಿ.